ಆರು ತಿಂಗಳಿಗೊಮ್ಮೆ ಮೊಗಣ್ಣ

ಆಲೂರಿನ ಮೊದಲ ಬಸ್ಸಿಗೆ ಬಂದು
ಹಾಸನದ ದೊಡ್ಡಾಸ್ಪತ್ರೆಯ ರಕ್ತದ ಕಿಟಕಿಯಲ್ಲಿ
ಖಾಕಿ ತೋಳು ತಾನೇ ಮಡಚಿ ಕೂರುತ್ತಾನೆ.
‘ಎಡಗೈ ಬ್ಯಾಡಿ ಮೇಡಂ, ಆ ನರ ಓಡೋಯ್ತದೆ.’
ಹನ್ನೊಂದು ವರ್ಷದಿಂದ ಅವನ ಲಿವರಿನಲ್ಲಿ
ಕಾಮಾಲೆಯ ವೈರಸ್ಸೊಂದು ಬಾಡಿಗೆ ಕೊಡದೆ ಕೂತಿದೆ.

ಮೊಗಣ್ಣನ ಕೆಲಸ ಆನೆ ಕಾಯುವುದು.
ಕಾಯುವುದೆಂದರೆ ಓಡಿಸುವುದಲ್ಲ,
ಎಲ್ಲಿವೆ ಎಂದು ಊರಿಗೆ ಹೇಳುವುದು.
ಮೊದಲ ವರ್ಷ ಹಾಗಿರಲಿಲ್ಲವಂತೆ:
ಪಟಾಕಿ, ತಗಡಿನ ಡಬ್ಬ, ಜೀಪಿನ ಹಾರನ್ನು,
ಮೂರು ರಾತ್ರಿ ಕಣ್ಣು ಮುಚ್ಚದೆ ಬೆನ್ನಟ್ಟಿ
ಬೆಳಗ್ಗೆ ನೋಡಿದರೆ ತೋಟದಲ್ಲಿ
ಆನೆ ತುಳಿದ ಗಿಡಕ್ಕಿಂತ
ನಾವು ತುಳಿದ ಗಿಡವೇ ಹೆಚ್ಚು.
ಈಗ ಬರೀ ಮೆಸೇಜು:
ಕೆರೆ ಏರಿ ಹತ್ರ ಏಳು. ಮರಿ ಒಂದು.
ಕೂಲಿಯೋರು ತಡವಾಗಿ ಬನ್ನಿ.

ಅವನ ನಳಿಕೆಯನ್ನು ಯಂತ್ರದಲ್ಲಿ ತಿರುಗಿಸಿದರೆ
ಕೆಂಪು ಕೆಳಗಿಳಿದು, ಹಳದಿ ಮೇಲೆ ನಿಂತು
ನಡುವೆ ಹಾಲಿನ ಕೆನೆಯಷ್ಟು ತೆಳ್ಳಗೆ
ಒಂದು ಬಿಳಿ ಗೆರೆ.
ಟಿ ಕೋಶಗಳು ಅಲ್ಲಿರುತ್ತವೆ.
ದಣಿವನ್ನು ಎಣಿಸುವ ಯಂತ್ರ ನಮ್ಮಲ್ಲಿಲ್ಲ;
ನಾನು ಕಲಿತದ್ದು ತರಗತಿಯ ಒಂದು ಚಿತ್ರದಿಂದ.

ಹಗೆಯ ಗುರುತು ಸಿಕ್ಕಿದ ದಿನ
ಒಂದು ಕೋಶ ಸಾವಿರವಾಗುತ್ತದೆ.
ಹಗೆ ಹತ್ತು ದಿನದಲ್ಲಿ ಹೋದರೆ ಸರಿ,
ಬಹುಪಾಲು ಸಾಯುತ್ತವೆ, ಕೆಲವು ನೆನಪಾಗಿ ಉಳಿಯುತ್ತವೆ.
ಹೋಗದಿದ್ದರೆ?
ನಾಳೆಯೂ ಅದೇ ಮುಖ. ಆಚೆ ನಾಳೆಯೂ.
ಮೊದಲು ತಾನು ಹೆಚ್ಚುವುದನ್ನು ಮರೆಯುತ್ತದೆ,
ಆಮೇಲೆ ಕೂಗಿ ಕರೆಯುವುದನ್ನು,
ಕೊನೆಗೆ ಕೊಲ್ಲುವುದನ್ನು.
ಮೈತುಂಬ ಅಗುಳಿಗಳು ಮೊಳೆಯುತ್ತವೆ, ಒಂದರ ಮೇಲೊಂದು.
ನೋಟ್‌ಬುಕ್ಕಿನ ಅಂಚಿನಲ್ಲಿ ‘ಸೋಲು’ ಎಂದು ಬರೆದಿದ್ದೆ.
ಮೊಗಣ್ಣನನ್ನು ಕಂಡಮೇಲೆ ಅಳಿಸಿದೆ.
ಸುಮ್ಮನಿದ್ದದ್ದರಿಂದಲೇ ಲಿವರು
ಇಷ್ಟು ವರ್ಷ ಲಿವರಾಗಿ ಉಳಿದಿದೆ.

ಆದರೆ ಆನೆಗೆ ಹಸಿವಿದೆ,
ಅಜ್ಜಿ ತೋರಿಸಿದ ದಾರಿಯ ನೆನಪಿದೆ.
ವೈರಸ್ಸಿಗೆ ಏನಿದೆ?
ಹೋಲಿಕೆಯನ್ನು ಇಲ್ಲಿಗೇ ಬಿಡುತ್ತೇನೆ.

ಈ ಸಲದ ಸ್ಕ್ಯಾನಿನಲ್ಲಿ ನೆಲ್ಲಿಕಾಯಿಯಷ್ಟು ಗಂಟು.
ಅದು ಹೊರಗಿನದಲ್ಲ, ಮನೆಯದೇ ಮಗ್ಗುಲು.
ಕಾವಲಿನ ಎದುರೇ ಬೆಳೆದಿದೆ;
ಅಗುಳಿ ಎಲ್ಲಿದೆಯೆಂದು ಅದಕ್ಕೆ ಗೊತ್ತು,
ಒತ್ತಿ ಹಿಡಿದಿದೆ.
ಡಾಕ್ಟರು ಹೇಳಿದರು: ಒಂದು ಮದ್ದಿದೆ,
ಗಂಟನ್ನು ಮುಟ್ಟುವುದಿಲ್ಲ, ಅಗುಳಿಯನ್ನು ಸರಿಸುತ್ತದೆ.
ಎಲ್ಲರಿಗೂ ಹತ್ತುವುದಿಲ್ಲ.
ಕೆಲವು ಕೋಶಗಳ ದಣಿವು ಎಷ್ಟು ಆಳಕ್ಕೆ ಬರೆದಿದೆಯೆಂದರೆ
ಬಾಗಿಲು ತೆಗೆದರೂ ಹೊಸ್ತಿಲ ಮೇಲೇ ಕೂರುತ್ತವೆ.
ಎದ್ದು ಬರುವವು ಹಿಂದೆ ನಿಂತವು,
ಹಾಲ್ರಸದ ಗ್ರಂಥಿಗಳಲ್ಲಿ ಇನ್ನೂ ಖರ್ಚಾಗದೆ ಉಳಿದ ಕೆಲವು.
ಎದ್ದವು ಕೆಲವೊಮ್ಮೆ
ಕರುಳನ್ನೋ ಚರ್ಮವನ್ನೋ ಹಗೆಯೆಂದು ತಿಳಿಯಬಹುದು.

ಮೊಗಣ್ಣ ಕೇಳಿಸಿಕೊಂಡ. ತಲೆ ಕೆರೆದ.
‘ಅಂದ್ರೆ ಹಳಬರಿಗೆ ಬಯ್ದು ಪ್ರಯೋಜನ ಇಲ್ಲ.
ಹಿಂದ್ಗಡೆ ಹುಡುಗ್ರನ್ನ ಕರೀಬೇಕು.’
ಸ್ವಲ್ಪ ಹೊತ್ತು ಬಿಟ್ಟು,
‘ಹೋದ ಮಾಗಿಲಿ ಮೂರನ್ನ ಲಾರಿ ಹತ್ತಿಸಿ ಕಳಿಸಿದ್ರು.
ಆ ರಾತ್ರಿ ಎರಡು ಗಂಟೆಗೆ ಎದ್ದು ಟಾರ್ಚ್ ಹಿಡಕೊಂಡು ನಿಂತಿದ್ದೆ.
ಆನೆ ಹೋದ್ವು. ಕಿವಿ ಹೋಗ್ಲಿಲ್ಲ ಮೇಡಂ.’

ಹತ್ತಿ ಒತ್ತಿ ಮೊಣಕೈ ಮಡಚಿದ.
ಜೇಬಿನಲ್ಲಿ ಫೋನು ನಡುಗಿತು;
ಎಡಗೈಯಲ್ಲಿ ತೆಗೆದು ಓದಿದ,
ಯಾರಿಗೋ ದಾಟಿಸಿದ.

ನಳಿಕೆ ನನ್ನ ಅಂಗೈಯಲ್ಲಿ ಇನ್ನೂ ಬೆಚ್ಚಗಿದೆ.
ಒಳಗೆ ಯಾರೋ ತೂಕಡಿಸುತ್ತಿರಬೇಕು,
ಯಾರೋ ಎದ್ದಿರಬೇಕು.
ಚೀಟಿ ಅಂಟಿಸುತ್ತೇನೆ:
ಮೊಗಣ್ಣ, ಐವತ್ತೆರಡು, ಗಂಡು.
ಕೆಲಸ ಏನೆಂದು ಬರೆಯಲು
ಈ ಚೀಟಿಯಲ್ಲಿ ಜಾಗವಿಲ್ಲ.